ಮತ್ತೆ ತುಂಬಿದ ಬಾಟಲಿ

ಆ ಬಾಟಲಿ ಖಾಲಿಯಾಗಿ ಹತ್ತೊಂಬತ್ತು ದಿನವಾಗಿತ್ತು. ಖಾಲಿ ಮಾಡಿದ್ದು ಕಾಳಿಯಮ್ಮನ ಕೈಯೇ. ಆದರೆ ಆ ಬೆಳಿಗ್ಗೆ ಅದೇ ಬಾಟಲಿಯ ಹಾಲನ್ನು ಒಳಲೆಯಲ್ಲಿ ಮೊಮ್ಮಗಳಿಗೆ ಕುಡಿಸಿ ಮುಗಿಸಿದ್ದಳು. ತೊಳೆಯಲೆಂದು ತಿರುಗಿಸಿದಾಗ ಅದರ ಮೇಲಿನ ಚೀಟಿ ಕಣ್ಣಿಗೆ ಬಿತ್ತು.

ಅವಳು ಕೂಗಿದ್ದು ಎರಡು ಮನೆ ಕೆಳಗಿದ್ದ ನನ್ನ ಅಂಗನವಾಡಿಗೂ ಕೇಳಿಸಿತು. ನಾನು ಹಾಲಿ. ಇತ್ತಲಾರಿನ ಅಂಗನವಾಡಿ ನಡೆಸುವವಳು. ಓಡಿಹೋದೆ. ಕಾಳಿಯಕ್ಕ ಅಡಿಗೆಮನೆಯ ನೆಲದ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಮಗು. ಎದುರಿಗೆ ಬಾಟಲಿ.

"ಹಾಲಿ, ಇದು ಮೊದಲನೇ ದಿನದ್ದು ಕಣೇ."

"ಯಾವ ಮೊದಲನೇ ದಿನ, ಅಕ್ಕಾ?"

"ಅಭಿನಯಾ ಹೋದ ಮಾರನೇ ದಿನ ಕುಡಿಸಿದ್ದು. ನೋಡು, ಆ ಮುಖ!"

ಚೀಟಿಯ ಮೇಲೆ ಅಭಿನಯಾಳ ಕೈಬರಹದಲ್ಲಿ ತಾರೀಕು. ಪಕ್ಕದಲ್ಲಿ ಒಂದು ಪುಟ್ಟ ನಗುಮುಖ. ಮಗು ಮೊದಲ ಸಲ ನಕ್ಕ ದಿನ ಅವಳು ಬಿಡಿಸಿದ್ದು. ಕಾಳಿಯಕ್ಕನಿಗೆ ಓದು ಬಾರದು. ಆದರೆ ಆ ಮುಖ ಮರೆಯುವುದುಂಟೇ?

ಅಭಿನಯಾ ಆ ಮನೆಯ ಕಿರಿಸೊಸೆ. ಕುಂದಾ ಪವರ್‌ಹೌಸ್ ಕಾಲನಿಯ ಚಿಕ್ಕ ಶಾಲೆಯೊಂದರಲ್ಲಿ ಟೀಚರ್. ಹೆರಿಗೆ ರಜೆ ಮುಗಿಯುವ ಮುಂಚೆ, ಮಗುವಿಗಾಗಿ ದಿನವೂ ಎದೆಹಾಲು ಹಿಂಡಿ ಫ್ರೀಜರಿನಲ್ಲಿ ಇಡುತ್ತಿದ್ದಳು. ಕೆಲಸಕ್ಕೆ ಹೋದ ಮೂರನೆಯ ದಿನ ರಸ್ತೆಯ ಮೇಲಿನ ಗುಡ್ಡ ಜಾರಿ ಅವಳಿದ್ದ ಜೀಪಿನ ಮೇಲೆ ಬಿತ್ತು. ಉಳಿದದ್ದು ಮೂರು ತಿಂಗಳ ಹೆಣ್ಣುಮಗು ಮತ್ತು ಇಪ್ಪತ್ತೆರಡು ಗಾಜಿನ ಬಾಟಲಿ. ಬೆಳಿಗ್ಗೆ ಒಂದು ಬಾಟಲಿ ತಾಯಿಯ ಹಾಲು, ಉಳಿದ ಹೊತ್ತು ಡಾಕ್ಟರು ಬರೆದುಕೊಟ್ಟ ಪುಡಿ ಹಾಲು – ಹೀಗೆ ನಡೆದಿತ್ತು.

ಇವತ್ತಿಗೆ ಇಪ್ಪತ್ತು ದಿನ. ಇಪ್ಪತ್ತು ಬಾಟಲಿ. ಫ್ರೀಜರಿನಲ್ಲಿ ಇರಬೇಕಾದದ್ದು ಎರಡು.

ಬಾಗಿಲು ತೆರೆದೆ. ಎಂಟು ಇದ್ದವು.

ಹೊರಗೆ ಮಂಜು ಕಿಟಕಿಗೆ ಒತ್ತಿಕೊಂಡು ನಿಂತಿತ್ತು. ಅಷ್ಟು ಬಾಟಲಿಯ ತಣ್ಣನೆ ಉಸಿರು ನನ್ನ ಮುಖಕ್ಕೆ ಬಡಿಯಿತು.

"ಅವಳು ಬರ್ತಾ ಇದ್ದಾಳೆ ಚಿಕ್ಕಮ್ಮಾ."

ಹಿಂದೆ ದಿನೇಶ್‌ಕುಮಾರ್ ನಿಂತಿದ್ದ. ಅಭಿನಯಾಳ ಗಂಡ. ಇಪ್ಪತ್ತು ದಿನದಿಂದ ಗಡ್ಡ ತೆಗೆದಿಲ್ಲ, ತೋಟಕ್ಕೆ ಕಾಲಿಟ್ಟಿಲ್ಲ. ಅವನ ಮುಖದಲ್ಲಿ ಭಯವಿರಲಿಲ್ಲ. ಸಂತೋಷವಿತ್ತು. ಬಾಟಲಿಗಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಅದು.

ನಾನು ಸತ್ಯಾ ಸಿಸ್ಟರಿಗೆ ಫೋನ್ ಮಾಡಿದೆ.

* * *

ಸತ್ಯಾ ನಮ್ಮ ಭಾಗದ ಆರೋಗ್ಯ ನರ್ಸ್. ಮಸಿನಗುಡಿ ಕಡೆಯ ಕಾಡಿನ ಮನೆತನದ ಹೆಣ್ಣು. ಮಾತು ಕಡಿಮೆ. ಹಾಲು ಹಿಂಡಿ ಇಡುವ ಕ್ರಮವನ್ನು ಅಭಿನಯಾಳಿಗೆ ಕಲಿಸಿದ್ದು ಅವಳೇ.

"ಏನನ್ನೂ ಚೆಲ್ಲಬೇಡಿ. ಏನನ್ನೂ ಕುಡಿಸಬೇಡಿ. ಆ ಬಾಟಲಿ ತೊಳೆಯಬೇಡಿ," ಎಂದಳು ಫೋನಿನಲ್ಲಿ. ಗಂಟೆಯೊಳಗೆ ಬಂದಳು.

ಅಷ್ಟರಲ್ಲಿ ಹಿರಿಮಗ ಸುಧಾಕರನ್ ತೋಟದಲ್ಲಿ ಟೀ ಲೀಫ್ ಕೀಳುವುದನ್ನು ಬಿಟ್ಟು ಓಡಿಬಂದಿದ್ದ. ಬಂದವನೇ ಬಕೆಟ್ ಹಿಡಿದು ಫ್ರಿಜ್ ಮುಂದೆ ನಿಂತ.

"ಎಲ್ಲಾ ಸುರಿದುಬಿಡ್ತೀನಿ ಸಿಸ್ಟರ್. ಸತ್ತವಳ ಹಾಲು ಮಗೂನೂ ಎಳ್ಕೊಂಡು ಹೋಗುತ್ತೆ ಅಂತ ಹಟ್ಟಿಯವರು ಆಗ್ಲೇ ಅಂತಿದ್ದಾರೆ. ನಾಳೆ ಮಗೂನ ಅವಳ ತಾಯಿಮನೆಗೆ ಕಳಿಸ್ತೀವಿ."

"ಕಳಿಸೋದಿಲ್ಲ!" ದಿನೇಶ್‌ಕುಮಾರ್ ಕೂಗಿದ. "ಮಗು ಇಲ್ಲಿಲ್ಲದಿದ್ರೆ ಅವಳು ಯಾಕೆ ಬರ್ತಾಳೆ?"

ಕೂಗಿಗೆ ಮಗು ಎಚ್ಚೆತ್ತಿತು. ಕಿರುಚಿ ಅಳತೊಡಗಿತು. ಕಾಳಿಯಕ್ಕ ತಟ್ಟಿದಳು. ನಾನು ಬಾಗಿ ಗಿಲಕಿ ಆಡಿಸಿದೆ. ಇಬ್ಬರು ಅಣ್ಣತಮ್ಮಂದಿರೂ ಮಗುವಿನ ಕಡೆ ತಿರುಗಿದರು. ಒಲೆಯ ಹತ್ತಿರ ನಿಂತಿದ್ದ ಹಿರಿಸೊಸೆ ಸಿಂಧುಜಾ ಮಾತ್ರ ಎರಡು ಕೈಯನ್ನೂ ಎದೆಗೆ ಬಿಗಿಯಾಗಿ ಒತ್ತಿಕೊಂಡು, ಗೋಡೆಯ ಕಡೆ ತಿರುಗಿದಳು. ಎರಡು ತಿಂಗಳ ಹಿಂದೆ ಅವಳ ಚೊಚ್ಚಲು ಮಗು ಹೊಟ್ಟೆಯಲ್ಲೇ ತೀರಿಹೋಗಿ ಹುಟ್ಟಿತ್ತು. ಮಗುವಿನ ಅಳು ಅವಳಿಂದ ತಡೆಯಲಾಗಲಿಲ್ಲವೆಂದುಕೊಂಡೆ.

ಸತ್ಯಾ ಬಕೆಟ್ಟನ್ನು ಸುಧಾಕರನ್ ಕೈಯಿಂದ ತೆಗೆದು ಹೊರಗಿಟ್ಟಳು.

"ಮೊದಲು ಕೇಳೋದನ್ನ ಕೇಳ್ತೀನಿ. ಕಾಳಿಯಮ್ಮಾ, ಬಾಟಲಿ ಹೇಗೆ ತೆಗೀತೀರಿ?"

"ನೀವು ಹೇಳಿದ ಹಾಗೇ ಕಣಮ್ಮಾ. ಹಳೇದು ಮೊದಲು. ಬಲಗಡೆಯಿಂದ ಒಂದೊಂದೇ. ಸಂಜೆ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸ್ತೀನಿ. ಬೆಳಿಗ್ಗೆಗೆ ಕರಗಿರುತ್ತೆ. ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡ್ತೀನಿ."

"ಒಲೆ ಮೇಲೆ?"

"ಯಾವತ್ತೂ ಇಲ್ಲ."

"ಕುಡಿದು ಮಿಕ್ಕಿದ್ದು?"

"ಚೆಲ್ಲಿಬಿಡ್ತೀನಿ. ಚೆಲ್ಲೋವಾಗ ಹೊಟ್ಟೆ ಉರಿಯುತ್ತೆ."

"ಮತ್ತೆ ಫ್ರೀಜರಿಗೆ ಇಟ್ಟಿದ್ದು ಉಂಟಾ?"

"ಇಲ್ಲಮ್ಮಾ, ದೇವರಾಣೆ."

"ತೊಳೆದ ಬಾಟಲಿ ಎಲ್ಲಿಡ್ತೀರಿ?"

ಕಾಳಿಯಕ್ಕ ಕಿಟಕಿಯ ಪಕ್ಕದ ಹಲಗೆ ತೋರಿಸಿದಳು. ಬಾಟಲಿಗಳು ಬೋರಲಾಗಿದ್ದವು. ಒಂದರ ಚೀಟಿಯನ್ನೂ ಕಿತ್ತಿರಲಿಲ್ಲ. ಅಭಿನಯಾಳ ಅಕ್ಷರ ಕೀಳಲು ಯಾರಿಗೆ ಮನಸ್ಸು ಬಂದೀತು?

"ಎಷ್ಟಿದೆ ಅಂತ ಎಣಿಸಿದ್ರಾ?"

"ಎಣಿಸಿದ್ರೆ ಮುಗಿಯೋ ದಿನ ಗೊತ್ತಾಗಿಬಿಡುತ್ತಲ್ಲಾ. ಅದಕ್ಕೆ ಎಣಿಸಲಿಲ್ಲ."

ಸತ್ಯಾ ಬೆಳಗಿನ ಬಾಟಲಿಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಒಂದೆರಡು ಹನಿ ಉಳಿದಿತ್ತು – ತೆಳ್ಳಗೆ, ತುಸು ನೀಲಿ. ಗಾಜಿನ ಒಳಮೈಗೆ ಹಳದಿ ಕೆನೆ ಅಂಟಿತ್ತು. ಮೂಗಿಗೆ ಹಿಡಿದಳು. ಆಮೇಲೆ ಸುಧಾಕರನ್ ಕಡೆ ತಿರುಗಿದಳು.

"ಮನೆಗೆ ಹಸುವಿನ ಹಾಲು ತರೋರು ಯಾರು?"

"ನಾನೇ." ಅವನ ಹುಬ್ಬು ಗಂಟಾಯಿತು. "ನಾನು ಬೆರೆಸಿದೆ ಅಂತೀರಾ? ನನಗೆ ಈ ಬಾಟಲಿ ನೋಡಿದ್ರೇ ಆಗೋದಿಲ್ಲ ಸಿಸ್ಟರ್!"

"ದಿನೇಶ್, ನೀವು? ಹಾಲು ಮುಗಿದುಹೋಗಬಾರದು ಅಂತ ನಿಮಗೇ ಹೆಚ್ಚು ಆಸೆ. ಪುಡಿ ಹಾಲು ಕಲಸಿ ತುಂಬಿಟ್ರಾ?"

"ನಾನು ಮುಟ್ಟಲಿಲ್ಲ. ಹಿತ್ತಲ ಬಾಗಿಲ ಅಗುಳಿ ತೆಗೆದಿಡ್ತೀನಿ, ಅಷ್ಟೇ."

"ಯಾಕೆ?"

ಅವನು ನೆಲ ನೋಡಿದ. "ಹನ್ನೊಂದು ಗಂಟೆ ಹೊತ್ತಿಗೆ, ಎಲ್ಲಾ ತೋಟಕ್ಕೆ ಹೋದ್ಮೇಲೆ, ನಾನು ಕೋಣೇಲಿ ಮಲಗಿರ್ತೀನಿ. ಅಡಿಗೆಮನೇಲಿ ಬಾಟಲಿ ಸದ್ದಾಗುತ್ತೆ. ಫ್ರಿಜ್ ಬಾಗಿಲು ತೆಗೆಯುತ್ತೆ, ಮುಚ್ಚುತ್ತೆ. ಅವಳು ಹಾಲು ಹಿಂಡಿ ಇಡ್ತಿದ್ದ ಹೊತ್ತು ಅದೇ. ನಾನು ಎದ್ದು ನೋಡೋದಿಲ್ಲ ಸಿಸ್ಟರ್. ನೋಡಿದ್ರೆ ಹೋಗಿಬಿಟ್ರೆ?"

ಫ್ರಿಜ್ ಒಮ್ಮೆ ನಡುಗಿ ಗುಂಯ್ಗುಟ್ಟಿತು. ಇಪ್ಪತ್ತು ದಿನದಿಂದ ಈ ಮನೆಯ ಎಲ್ಲರೂ ಆ ಪೆಟ್ಟಿಗೆಯ ಸುತ್ತಲೇ ಹೆಜ್ಜೆ ಸಪ್ಪಳವಿಲ್ಲದೆ ಬದುಕಿದ್ದರು.

ಸತ್ಯಾ ಎಂಟು ಬಾಟಲಿಯನ್ನೂ ಹೊರತೆಗೆದು ಕಿಟಕಿಯ ಮುಂದೆ ಸಾಲಾಗಿ ನಿಲ್ಲಿಸಿದಳು. ಒಂದೊಂದನ್ನೂ ತಿರುಗಿಸಿ ನೋಡಿದಳು. ಮೂರನ್ನು ಎಡಕ್ಕೆ, ಐದನ್ನು ಬಲಕ್ಕೆ ಸರಿಸಿದಳು. ಕರಗುವ ಮೊದಲೇ ಬೇಗಬೇಗ ಒಳಗಿಟ್ಟಳು.

"ಸಿಂಧುಜಾ, ಸ್ವಲ್ಪ ಹಿತ್ತಲಿಗೆ ಬನ್ನಿ. ಹಾಲಿಯಕ್ಕಾ, ನೀವೂ."

* * *

ಹಿತ್ತಲಲ್ಲಿ ಕೋಸಿನ ಸಾಲುಗಳು ಮಂಜಿನಲ್ಲಿ ಅರ್ಧ ಕಾಣುತ್ತಿದ್ದವು. ಸಿಂಧುಜಾ ಶಾಲನ್ನು ಎದೆಗೆ ಸುತ್ತಿಕೊಂಡು ನಿಂತಳು.

"ನಾನು ಹೇಳಲಾ? ನೀವೇ ಹೇಳ್ತೀರಾ?" ಸತ್ಯಾ ಮೆಲ್ಲಗೆ ಕೇಳಿದಳು.

ಸಿಂಧುಜಾ ಕಣ್ಣು ಕೆಳಗೆ ಹಾಕಿದಳು. "ನೀವೇ ಹೇಳಿ ಸಿಸ್ಟರ್. ನನಗೆ ಬಾಯಿ ಬರೋದಿಲ್ಲ," ಎಂದಳು.

"ಮೊದಲು ಮಗುವಿನ ವಿಷಯ. ಯಾವುದಾದ್ರೂ ಮಾತ್ರೆ ನುಂಗ್ತಿದ್ದೀರಾ?"

"ಹಾಲು ಬತ್ತೋಕೆ ಕೊಟ್ಟ ಮಾತ್ರೆ ಅವತ್ತೇ ಮೋರಿಗೆ ಹಾಕಿದೆ. ಬೇರೆ ಏನೂ ಇಲ್ಲ."

"ಜ್ವರ? ಎದೆಯಲ್ಲಿ ಗಂಟು, ಹುಣ್ಣು?"

"ಇಲ್ಲ."

"ಬಸುರಿಯಾಗಿದ್ದಾಗ ನಿಮ್ಮ ರಕ್ತ ಪರೀಕ್ಷೆ ಮಾಡಿಸಿದವಳು ನಾನೇ. ಎಲ್ಲಾ ಸರಿಯಿತ್ತು. ಆದ್ರೂ ನಾಳೆ ಡಾಕ್ಟರಿಗೆ ತೋರಿಸಿ ಇನ್ನೊಮ್ಮೆ ಮಾಡಿಸೋಣ. ಬಾಟಲಿ ಒಳಗೆ ಕುದಿಯೋ ನೀರು ಹಾಕಿ ತೊಳೆದ್ರಾ?"

"ತುಂಬೋ ಮೊದಲು ಪ್ರತಿಯೊಂದನ್ನೂ. ಕೈನೂ ಸೋಪಿನಲ್ಲಿ ತೊಳೀತೀನಿ. ನೀವು ಅಭಿನಯಾಗೆ ಹೇಳ್ತಿದ್ದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ."



* * *

ಎಲ್ಲರೂ ಅಡಿಗೆಮನೆಯಲ್ಲಿ ಕುಳಿತ ಮೇಲೆ ಸತ್ಯಾ ಶುರುಮಾಡಿದಳು.

"ಸತ್ತವರು ಯಾರೂ ಬರ್ತಾ ಇಲ್ಲ. ಬೆಳಿಗ್ಗೆ ಮಗು ಕುಡಿದದ್ದು ಎದೆಹಾಲೇ. ಹಸುವಿನ ಹಾಲು ಇಷ್ಟು ತೆಳ್ಳಗಿರೋದಿಲ್ಲ, ಪುಡಿ ಹಾಲಿಗೆ ಹೀಗೆ ಕೆನೆ ಕಟ್ಟೋದಿಲ್ಲ. ಹಾಗಾದ್ರೆ ಯಾರ ಹಾಲು? ಫ್ರೀಜರಿನ ಬಾಟಲಿ ನೋಡಿದೆ. ಎದೆಹಾಲು ನಿಂತ್ರೆ ಕೆನೆ ಮೇಲಕ್ಕೆ ಬರುತ್ತೆ. ಅಭಿನಯಾಗೆ ಹಾಲು ಧಾರಾಳ. ಒಂದೇ ಸಲ ಹಿಂಡಿ ಬಾಟಲಿ ಮುಕ್ಕಾಲು ತುಂಬಿಸೋಳು. ಅಂಥದ್ರಲ್ಲಿ ಮೇಲುಗಡೆ ಒಂದೇ ಕೆನೆ ಗೆರೆ. ಅಂಥವು ಮೂರಿವೆ. ಉಳಿದ ಐದರಲ್ಲಿ ಮೂರು ಮೂರು ಗೆರೆ. ಅಂದ್ರೆ – ಯಾರೋ ಸ್ವಲ್ಪ ಸ್ವಲ್ಪ ಹಿಂಡಿ, ಹೆಪ್ಪುಗಟ್ಟಿದ್ದರ ಮೇಲೆ ಮತ್ತೆ ಮತ್ತೆ ಹಾಕಿದ್ದಾರೆ."

"ಯಾರು?" ಸುಧಾಕರನ್ ದನಿ ಒಡೆದಿತ್ತು.

"ಹಾಲು ಕಮ್ಮಿ ಇರೋ ಹೆಂಗಸು. ಈ ಫ್ರಿಜ್ಜನ್ನ ದಿನಕ್ಕೆ ಹಲವು ಸಲ ತೆಗೆಯೋ ಹೆಂಗಸು. ಅಂದ್ರೆ ಈ ಮನೆಯವಳು. ಆದ್ರೂ ನಿಮಗೆಲ್ಲ ಒಂದೇ ಹೆಸರು ಹೊಳೀತು – ಸತ್ತವಳದ್ದು. ಯಾಕೆ ಗೊತ್ತಾ? ಮಗು ಇಲ್ಲದವಳಿಗೆ ಹಾಲು ಇರೋದಿಲ್ಲ ಅಂದ್ಕೊಂಡ್ರಿ. ಮಗು ಸತ್ತುಹುಟ್ಟಿದ್ರೂ ಮೂರನೇ ದಿನ ಎದೆ ತುಂಬುತ್ತೆ. ಎದೆಗೆ ಅದು ಗೊತ್ತಾಗೋದಿಲ್ಲ."

ಸತ್ಯಾ ಮಗುವಿನ ಕಡೆ ನೋಡಿದಳು.

"ಆಗ ಮಗು ಅತ್ತಾಗ ನೀವೆಲ್ಲಾ ಮಗೂನ ನೋಡಿದ್ರಿ. ನಾನು ನಿಮ್ಮನ್ನ ನೋಡ್ತಿದ್ದೆ. ಹಾಲಿರೋ ತಾಯಿಗೆ ಮಗುವಿನ ಅಳು ಕೇಳಿದ್ರೆ ಹಾಲು ಇಳಿಯುತ್ತೆ. ಅದನ್ನ ತಡೆಯೋಕೆ ಎದೆಗೆ ಕೈ ಒತ್ತಿಕೊಂಡು ಗೋಡೆಗೆ ಮುಖ ಮಾಡಿದ್ದು ಒಬ್ಬಳೇ. ಬಾಟಲಿ ತುಂಬಿದವಳು ಸಿಂಧುಜಾ."

ನಾನು ತಲೆ ತಗ್ಗಿಸಿದೆ. ನಾನೂ ಎರಡು ಮಕ್ಕಳನ್ನು ಹೆತ್ತು ಹಾಲೂಡಿದವಳು. ಕಣ್ಣೆದುರೇ ಕಂಡಿದ್ದೆ. ಆದರೂ ತಿಳಿಯಲಿಲ್ಲ.

"ನನಗಾದ್ರೂ ಹೇಳಬಾರದಾಗಿತ್ತಾ?" ಸುಧಾಕರನ್ ಹೆಂಡತಿಯನ್ನು ಕೇಳಿದ.

"ನೀವು ಕೇಳಲಿಲ್ಲ," ಎಂದಳು ಸಿಂಧುಜಾ. ಆಮೇಲೆ ಮಾತು ಒಮ್ಮೆಗೇ ಹೊರಬಂತು. "ನನ್ನ ಮಗ ಹೋದ್ಮೇಲೆ, ಇವಳನ್ನ ಎತ್ಕೋಬೇಡ, ನಿನ್ನ ನೆರಳು ಒಳ್ಳೇದಲ್ಲ ಅಂದ್ರು ಅತ್ತೆ. ನಾನು ಎತ್ಕೊಳ್ಳಲಿಲ್ಲ. ಅಭಿನಯಾ ಹೋದ ದಿನ ಇವಳು ಎಷ್ಟು ಅತ್ತಳು! ನನ್ನ ರವಿಕೆ ಎಲ್ಲಾ ಒದ್ದೆ. ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲಿದೆ. ಇಲ್ಲಿ ಇವಳು ಹಸಿದು ಅಳೋದು, ಅಲ್ಲಿ ನಾನು ಚೆಲ್ಲೋದು. ನನ್ನದು ಅಂದ್ರೆ ಕುಡಿಸೋದಿಲ್ಲ. ಅವಳದ್ದು ಅಂದ್ರೆ ಕುಡಿಸ್ತೀರಿ. ಅದಕ್ಕೇ ಅವಳ ಬಾಟಲೀಲಿ ಹಾಕಿದೆ."

ಕಾಳಿಯಕ್ಕನ ಕಣ್ಣು ಒಂದೇ ಸಮನೆ ಸುರಿಯುತ್ತಿತ್ತು. ಎದ್ದಳು. ಮಗುವನ್ನು ಒಯ್ದು ಸಿಂಧುಜಾಳ ಮಡಿಲಲ್ಲಿ ಮಲಗಿಸಿದಳು. ತಾನು ಪಕ್ಕದಲ್ಲೇ ಕುಸಿದು, ಸೊಸೆಯ ಮೊಣಕಾಲಿಗೆ ಹಣೆಯಿಟ್ಟಳು.

ಗಂಡಸರು ಹೊರಗೆ ಹೋದರು. ಮಗು ಮೊದಲು ಒಲ್ಲೆನೆಂದಿತು, ಬೆನ್ನು ಬಿಲ್ಲಾಗಿಸಿ ಅತ್ತಿತು. ಸತ್ಯಾ ತಲೆಗೆ ಆಸರೆ ಕೊಟ್ಟು ಹಿಡಿದಳು. ಮೂರನೆಯ ಸಲಕ್ಕೆ ಅಳು ನಿಂತಿತು. ನುಂಗುವ ಸದ್ದು ಕೇಳಿಸಿತು.

"ಇನ್ನು ಆಗಷ್ಟೇ ಹಿಂಡಿದ ಬಿಸಿ ಹಾಲನ್ನ ಹೆಪ್ಪುಗಟ್ಟಿದ್ದರ ಮೇಲೆ ಹಾಕಬೇಡಿ," ಎಂದಳು ಸತ್ಯಾ, ಕಣ್ಣೊರೆಸಿಕೊಂಡು. "ಮೊದಲು ಕೆಳಗಿನ ತಟ್ಟೆಯಲ್ಲಿಟ್ಟು ತಣಿಸಿ. ಆ ಐದನ್ನೂ ಡಾಕ್ಟರು ನೋಡೋ ತನಕ ಕುಡಿಸೋದು ಬೇಡ."

ಹೊರಗೆ ಜಗಲಿಯಲ್ಲಿ ದಿನೇಶ್‌ಕುಮಾರ್ ಒಬ್ಬನೇ ಕುಳಿತಿದ್ದ.

"ಹಾಗಾದ್ರೆ ಅವಳು ಬರ್ಲೇ ಇಲ್ವಾ ಸಿಸ್ಟರ್? ಒಂದು ಸಲವೂ?"

"ಇಲ್ಲ ದಿನೇಶ್."

ಅವನು ಮುಖ ಮುಚ್ಚಿಕೊಂಡು ಅತ್ತ. ಅಭಿನಯಾ ಸತ್ತಾಗ ಕೂಡ ಅವನು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಮುಖ ಒರೆಸಿಕೊಂಡು ಕೇಳಿದ, "ಆ ಮೂರು ಬಾಟಲಿ ಅವಳದ್ದೇ ತಾನೇ? ಒಂದನ್ನ ನಾನು ಇಟ್ಕೊಳ್ಳಲಾ? ಯಾವತ್ತಿಗೂ?"

"ಇಟ್ಕೊಳ್ಳಿ. ಆರು ತಿಂಗಳಾದ್ಮೇಲೆ ಅದು ಮಗುವಿಗೆ ಆಗೋದಿಲ್ಲ. ಆಮೇಲೆ ಅದು ಬರೀ ಮಂಜುಗಡ್ಡೆ," ಎಂದಳು ಸತ್ಯಾ.

ಮುಂದಿನ ಮೂರು ಬೆಳಿಗ್ಗೆ ಕಾಳಿಯಕ್ಕ ಒಳಲೆ ಮುಟ್ಟಲಿಲ್ಲ. ಅಭಿನಯಾಳ ಆ ಮೂರು ಬಾಟಲಿಯನ್ನೂ ದಿನಕ್ಕೊಂದರಂತೆ ಸಂಜೆ ಕೆಳಗಿಳಿಸಿದ್ದು, ಬೆಳಿಗ್ಗೆ ನೀರು ಬೆಚ್ಚಗೆ ಮಾಡಿದ್ದು, ಮಣಿಕಟ್ಟಿನ ಮೇಲೆ ಹನಿ ಹಾಕಿ ಬಿಸಿ ನೋಡಿದ್ದು ಎಲ್ಲಾ ದಿನೇಶ್‌ಕುಮಾರನೇ. ಮೂರನೆಯ ದಿನ ನಾನು ಅಲ್ಲಿದ್ದೆ. ಅವನು ಒಂದು ಹನಿಯನ್ನೂ ಚೆಲ್ಲಲಿಲ್ಲ. ಮಗು ಕೊನೆಯ ಗುಟುಕು ನುಂಗಿ, ಅವನ ಬೆರಳನ್ನು ಹಿಡಿದುಕೊಂಡೇ ನಿದ್ದೆಹೋಯಿತು. ಅವನು ಅಲ್ಲಾಡದೆ ಕುಳಿತಿದ್ದ.