ಮೇಲಿನ ಕ್ರೇನು, ಕೆಳಗಿನ ಕ್ರೇನು

"ಕೆಳಗಿನ ಕ್ರೇನಲ್ಲಿ ಹೆಂಗಸು ಕೂತಿದ್ದಾಳಂತೆ. ಎಲ್ಲರೂ ಹೆಲ್ಮೆಟ್ಟು ಸರಿಯಾಗಿ ಹಾಕ್ಕೊಳ್ರಪ್ಪಾ!"

ವಾಕಿಟಾಕಿಯಲ್ಲಿ ಆ ಗಂಡುದನಿ ಕೇಳಿಸಿದಾಗ ಅವಳು ಕೆಲಸಕ್ಕೆ ಸೇರಿ ಇಪ್ಪತ್ತು ನಿಮಿಷವಾಗಿತ್ತು. ಗಾಜಿನ ಡಬ್ಬಿಯಂಥ ಕ್ಯಾಬಿನ್ನಿನಿಂದ ತಲೆಯೆತ್ತಿ ನೋಡಿದಳು. ಗುಡ್ಡದ ಮೇಲಿನ ತಿರುವಿನಲ್ಲಿ ಇನ್ನೊಂದು ಕ್ರೇನು. ಅದರೊಳಗೆ ಹಳದಿ ಹೆಲ್ಮೆಟ್ಟಿನವನೊಬ್ಬ ಕೈ ಬೀಸುತ್ತಿದ್ದ. ಯಾರ್ಯಾರೋ ನಕ್ಕರು.

"ಹೆಲ್ಮೆಟ್ಟು ಹಾಕಿ ಏನು ಬಂತು? ಒಳಗೆ ಏನಾದ್ರೂ ಇದ್ರೆ ತಾನೇ ಕಾಪಾಡೋದು!" ಎಂದಳು.

ನಗು ನಿಂತಿತು. ಜಗಳ ಶುರುವಾಯಿತು.

ಆ ಇಳಿಜಾರಿನಲ್ಲಿ ಎರಡು ಕಟ್ಟಡಗಳು ಪೈಪೋಟಿಗೆ ಬಿದ್ದು ಏಳುತ್ತಿದ್ದವು. ಮೇಲಿನದು ಹೋಟೆಲು, ಕೆಳಗಿನದು ಫ್ಲ್ಯಾಟುಗಳು. ಫ್ಲ್ಯಾಟುಗಳು ಇಪ್ಪತ್ತನೇ ಮಹಡಿ ಮುಟ್ಟಿದರೆ ಹೋಟೆಲಿನ ಅರ್ಧ ಕೋಣೆಗಳಿಗೆ ಕಣಿವೆ ಕಾಣಿಸುವುದಿಲ್ಲ. ಅದಕ್ಕೇ ಎರಡೂ ಕಂಪನಿಗಳು ಕೋರ್ಟಿನಲ್ಲಿ ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದವು. ನಡುವಿನ ತಡೆಗೋಡೆಯ ಮೇಲೆ ಮುಳ್ಳುತಂತಿ ಬಿಗಿದಾಗಿತ್ತು. ಆಚೆಯವರ ಜೊತೆ ಮಾತಾಡಿದರೆ ಕೆಲಸ ಹೋಗುತ್ತದೆಂದು ಸೂಪರ್‌ವೈಸರ್ ಮೊದಲ ದಿನವೇ ಹೇಳಿದ್ದ.

ಆಕಾಶಕ್ಕೆ ಮಾತ್ರ ಯಾರೂ ತಂತಿ ಹಾಕಿರಲಿಲ್ಲ. ಮೇಲಿನ ಕ್ರೇನಿನ ತೋಳು ತಿರುಗುವಾಗ ಅದರಿಂದ ಇಳಿಬಿದ್ದ ಉಕ್ಕಿನ ಹಗ್ಗ ಅವಳ ಕ್ರೇನಿನ ತೋಳಿನ ಪಕ್ಕದಲ್ಲೇ ಹಾಯುತ್ತಿತ್ತು. ತಾಗಿದರೆ ಇಬ್ಬರಿಗೂ ಗಂಡಾಂತರ. ಆದ್ದರಿಂದ ಅಲ್ಲಿಗೆ ಬರುವ ಮೊದಲು ವಾಕಿಟಾಕಿಯಲ್ಲಿ ದಾರಿ ಕೇಳಬೇಕು ಎಂಬುದು ನಿಯಮ. ಇಬ್ಬರೂ ಆಡಬಹುದಾದ ಮಾತು ಅದೊಂದೇ.

ಅವನು ಕೇಳುತ್ತಿರಲಿಲ್ಲ. ಮೂರನೇ ವಾರ ಕಬ್ಬಿಣದ ಸರಳುಗಳ ಕಟ್ಟೊಂದು ಅವಳ ಕ್ರೇನಿನ ತೋಳಿನಿಂದ ಒಂದು ಮಾರು ದೂರದಲ್ಲಿ ತೂಗುತ್ತಾ ಹೋಯಿತು. ಅಂದು ಸಂಜೆಯೇ ಸುರಕ್ಷತಾ ಅಧಿಕಾರಿಗೆ ದೂರು ಬರೆದಳು. ಅವನನ್ನು ನಾಲ್ಕು ದಿನ ಕೆಲಸದಿಂದ ಹೊರಗಿಟ್ಟರು.

ಐದನೇ ದಿನ ಅವನ ದನಿ ಬೆಣ್ಣೆಯಾಗಿತ್ತು.

"ಮಹಾರಾಣಿಯವರೇ, ತಮ್ಮ ರಾಜ್ಯದೊಳಗೆ ಬರಬಹುದೋ?"

"ಬನ್ನಿ. ಮೀಸೆ ಹೊರಗಿಟ್ಟು ಬನ್ನಿ."

"ನನಗೆ ಮೀಸೆನೇ ಇಲ್ವಲ್ಲ?"

"ಮತ್ತೆ ದಿನಾ ಅಷ್ಟು ತಿರುವೋದು ಏನನ್ನ?"

ಆಮೇಲೆ ಹಗ್ಗ ಮೆಲ್ಲಗೆ, ಬಹಳ ಮೆಲ್ಲಗೆ, ಅವಳ ಮುಂದೆ ಹಾದುಹೋಯಿತು. ಬೇಕೆಂದೇ ತಡಮಾಡುತ್ತಿದ್ದಾನೆಂದು ಅವಳಿಗೆ ಉರಿಯಿತು. ಕೇಳುವುದೂ ಕುಟುಕುವುದೂ ದಿನಕ್ಕೆ ಹತ್ತು ಸಲ ನಡೆಯತೊಡಗಿತು.

ಬಾಡಿಗೆ ಕೋಣೆಯಲ್ಲಿ ಅವಳ ಅಮ್ಮ ಬೇರೆಯವರ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು.

"ಗಾಜು ಒರೆಸೋ ನೆಪ ಮಾಡ್ಕೊಂಡು ನನ್ನ ಕಡೆ ಗುರಾಯಿಸ್ತಾನಮ್ಮ. ಒರೆಸೋದೂ ನನ್ನ ಕಡೆ ಇರೋ ಗಾಜು ಮಾತ್ರ!"

"ಅಷ್ಟು ದೂರದಿಂದ ಗುರಾಯಿಸೋದು ನಿನಗೆ ಹೇಗೆ ಕಾಣಿಸ್ತೇ?"

ಅವಳು ತಟ್ಟೆ ತೊಳೆಯಲು ಎದ್ದಳು. ಅಮ್ಮ ಅಂಗಿಯ ಕಾಲರು ತಿರುಗಿಸಿ ನಕ್ಕಳು.

ಬಿರುಗಾಳಿ ಎದ್ದದ್ದು ಒಂದು ಮಧ್ಯಾಹ್ನ. ಕಣಿವೆಯ ತಳದಲ್ಲಿ ಧೂಳು ಕಂದು ಗೋಡೆಯಾಗಿ ಎದ್ದು, ನೋಡುನೋಡುತ್ತಿದ್ದಂತೆ ಮನೆಗಳ ತಗಡುಗಳನ್ನು ಕಿತ್ತುಕೊಂಡು ಮೇಲೆ ಬಂತು. ಅಂಥ ಗಾಳಿಗೆ ಕ್ರೇನಿನ ಬ್ರೇಕು ಬಿಡಬೇಕು. ತೋಳು ಗಾಳಿ ಬಂದತ್ತ ತಾನಾಗಿ ತಿರುಗಿಕೊಳ್ಳುತ್ತದೆ. ಬಿಗಿಹಿಡಿದರೆ ಇಡೀ ಕ್ರೇನು ಉರುಳಿದರೂ ಉರುಳಿತು. ಅವಳ ಕ್ರೇನಿನ ಕೆಳಗೆ ಸಾಲು ಮನೆಗಳಿದ್ದವು.

ಅವಳ ಕೈ ಬ್ರೇಕಿನ ಮೇಲೆ ಹೋಗಿ ನಿಂತಿತು. ಅವನ ಹಗ್ಗ ಅವಳ ತೋಳಿಗೆ ಅಡ್ಡಲಾಗಿ ಇಳಿಬಿದ್ದಿತ್ತು, ತುದಿಯಲ್ಲಿ ಹೋಟೆಲಿನ ಗಾಜುಗಳ ದೊಡ್ಡ ಪೆಟ್ಟಿಗೆ. ಬ್ರೇಕು ಬಿಟ್ಟರೆ ಅವಳ ತೋಳು ನೇರ ಹೋಗಿ ಆ ಹಗ್ಗಕ್ಕೆ ಬಡಿಯುತ್ತದೆ.

"ಹಗ್ಗ ತೆಗೀರಿ!"

"ಗಾಳಿ ಬಿಡ್ತಿಲ್ಲ. ಹಿಂದಕ್ಕೆ ತಿರುಗಿಸೋಕೆ ಆಗ್ತಿಲ್ಲ. ಮೇಲೆತ್ತಿದ್ರೆ ಪೆಟ್ಟಿಗೆ ನಿನ್ನ ಕ್ರೇನಿಗೇ ಬಡಿಯತ್ತೆ."

ನಡುವೆ ಅವನ ಸೂಪರ್‌ವೈಸರ್ ಕಿರುಚಿದ: "ಗಾಜು ಕೆಳಗಿಳಿಸಬೇಡ! ಅವರ ಜಾಗಕ್ಕೆ ಹೋದ್ರೆ ಮತ್ತೆ ನಮ್ಮ ಕೈಗೆ ಬರಲ್ಲ. ಹಿಡ್ಕೊಂಡಿರು, ಅವಳು ಕಾಯ್ಲಿ!"

ಅವಳ ಕ್ಯಾಬಿನ್ನು ವಾಲಿತು. ಕಾಲ ಕೆಳಗೆಲ್ಲೋ ಕಬ್ಬಿಣ ನರಳಿತು. ಇಷ್ಟು ದಿನದ ಹಗೆ ಇವತ್ತಿಗೆ ತೀರುತ್ತದೆ ಎಂದುಕೊಂಡಳು. ಅವನು ಯಾಕೆ ನೌಕರಿ ಕಳೆದುಕೊಂಡಾನು? ನಾಲ್ಕು ದಿನ ಮನೆಯಲ್ಲಿ ಕೂರಿಸಿದವಳಿಗಾಗಿಯೇ?

"ನಿಮ್ಮ ಅಂಗಳದಲ್ಲಿ ಇಳಿಸ್ತಿದ್ದೀನಿ," ಎಂದಿತು ಅವನ ದನಿ. "ಕೊಕ್ಕೆ ಬಿಡಿಸೋಕೆ ಯಾರನ್ನಾದ್ರೂ ಕಳಿಸು. ಬೇಗ!"

ಪೆಟ್ಟಿಗೆ ತೂಗಾಡುತ್ತಾ ಇಳಿದು ಅಂಗಳದ ಮಣ್ಣಿನಲ್ಲಿ ಕೂತಿತು. ಈಗ ಅವಳ ಸೂಪರ್‌ವೈಸರ್ ಸರದಿ: "ಯಾರೂ ಅದನ್ನ ಮುಟ್ಟಬೇಡಿ! ಕೇಸಾಗತ್ತೆ!"

"ನಾನು ಬಿದ್ದ ಮೇಲೆ ಕೇಸು ಹಾಕೊಳ್ಳಿ!" ಅವಳು ಗುಡುಗಿದಳು. "ಅಕ್ಕಾ, ಹೋಗಿ ಬಿಡಿಸು. ಏನೇ ಬಂದ್ರೂ ನನ್ನ ತಲೆ ಮೇಲೆ."

ಕೆಳಗೆ ಬಾವುಟ ಹಿಡಿದು ಸಿಗ್ನಲ್ ಕೊಡುವ ಅಕ್ಕ ಬಾವುಟ ಎಸೆದು, ಬಗ್ಗಿಕೊಂಡು ಓಡಿದಳು. ಕೊಕ್ಕೆ ಕಳಚಿತು. ಹಗ್ಗ ಸರ್ರನೆ ಮೇಲೇರಿತು.

"ಬ್ರೇಕ್ ಬಿಡು! ನಾನೂ ಬಿಡ್ತಿದ್ದೀನಿ."

ಬಿಟ್ಟಳು. ಎರಡು ತೋಳುಗಳೂ ಒಂದರ ಮೇಲೊಂದು ತಿರುಗಿ, ಒಂದೇ ದಿಕ್ಕಿಗೆ ಮುಖ ಮಾಡಿ ನಿಂತವು.

ಇಳಿಯುವಂತಿರಲಿಲ್ಲ. ಮುಕ್ಕಾಲು ಗಂಟೆ ಇಬ್ಬರೂ ಅಲ್ಲಲ್ಲೇ ತೂಗಾಡುತ್ತಾ ಕೂತರು. ಧೂಳಿನಲ್ಲಿ ಮುಖ ಕಾಣುತ್ತಿರಲಿಲ್ಲ.

"ಇದ್ದೀಯಾ?" ಅವನು ಆಗಾಗ ಕೇಳುತ್ತಿದ್ದ.

"ಇದ್ದೀನಿ."

"ಅಳ್ತಿದ್ದೀಯಾ?"

"ಇಲ್ಲ. ನಿನ್ನ ಬೈಯೋಕೆ ಹೊಸ ಮಾತು ಹುಡುಕ್ತಿದ್ದೀನಿ."

"ನಿಧಾನವಾಗಿ ಹುಡುಕು. ನಾನೆಲ್ಲೂ ಹೋಗಲ್ಲ."

ಆದರೆ ಮೂರನೇ ದಿನ ಮೇಲಿನ ಕ್ಯಾಬಿನ್ನಿನಲ್ಲಿ ಬೇರೆ ಯಾರೋ ಕೂತಿದ್ದ. "ಕೆಳಗಿನ ಕ್ರೇನು, ದಾರಿ ಕೊಡಿ," ಎಂದ ಹೊಸಬ, ಬಲು ಮರ್ಯಾದೆಯಿಂದ. ಅವಳು ದಾರಿ ಕೊಟ್ಟವಳೇ, ಮೊದಲಿನವನು ಎಲ್ಲೆಂದು ವಿಚಾರಿಸಿ ಬರಲು ಅಕ್ಕನನ್ನು ಕಳಿಸಿದಳು.

ವಿಷಯ ತಂದದ್ದು ಸಿಗ್ನಲ್ ಅಕ್ಕ. ತಪ್ಪೆಲ್ಲ ಕೆಳಗಿನ ಕ್ರೇನಿನವಳದೇ, ಕೇಳಿದಾಗ ಅವಳು ದಾರಿ ಬಿಡಲಿಲ್ಲ ಎಂದು ಬರೆದುಕೊಡು, ಕೆಲಸ ಉಳಿಯುತ್ತದೆ ಎಂದು ಹೋಟೆಲಿನ ಕಂಪನಿಯವರು ಅವನಿಗೆ ಹೇಳಿದ್ದರಂತೆ. ಅವನು ಪೆನ್ನು ಮೇಜಿನ ಮೇಲಿಟ್ಟು ಎದ್ದು ಬಂದನಂತೆ. ಇವತ್ತು ಊಟದ ಹೊತ್ತಿಗೆ ಹೊರಡುತ್ತಾನಂತೆ.

ಊಟದ ಬಿಡುವಿನಲ್ಲಿ ಅವಳು ಹೋಟೆಲಿಗೆ ಹೋಗುವ ನೂರಾಹತ್ತು ಮೆಟ್ಟಿಲು ಹತ್ತಿದಳು. ಹೋಟೆಲಿನ ಗೇಟಿನಾಚೆ, ಕೆಲಸಗಾರರ ಶೆಡ್ಡಿನ ಮುಂದೆ ಒಬ್ಬ ಹಾಸಿಗೆಗೆ ಹಗ್ಗ ಬಿಗಿಯುತ್ತಿದ್ದ. ಅಂದುಕೊಂಡದ್ದಕ್ಕಿಂತ ಗಿಡ್ಡ. ಕಿವಿ ಸ್ವಲ್ಪ ದೊಡ್ಡದು. ಅವನು ತಲೆಯೆತ್ತಿದ. ಆ ಕಣ್ಣುಗಳನ್ನು ಅಷ್ಟು ಹತ್ತಿರದಿಂದ ನೋಡಿ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳ ಅರ್ಧ ಮರೆತುಹೋಯಿತು. ಉಳಿದರ್ಧ ಬೈದಳು.

"ತ್ಯಾಗ ಮಾಡು ಅಂತ ನಾನು ಕೇಳಿದ್ನಾ? ಜೀವನಪೂರ್ತಿ ನಿನ್ನ ಋಣ ಹೊತ್ಕೊಂಡು ತಿರುಗಲಾ?"

"ತ್ಯಾಗ ಯಾವ್ದು? ಸುಳ್ಳು ಬರೆಯೋಕೆ ಕೈ ಬರಲಿಲ್ಲ, ಅಷ್ಟೇ."

"ಹೋಗೋ ಮುಂಚೆ ಒಂದು ಮಾತು ಹೇಳೋಕೆ ಬಾಯಿಗೇನಾಗಿತ್ತು?"

"ವಾಕಿಟಾಕಿ ಕಿತ್ಕೊಂಡ್ರು. ಅದಿಲ್ದೆ ನಿನ್ನ ಜೊತೆ ಹೇಗೆ ಮಾತಾಡೋದು ಅಂತ ಗೊತ್ತಾಗಲಿಲ್ಲ."

ಅವನು ಹಗ್ಗದ ತುದಿಯನ್ನು ಬೆರಳಿಗೆ ಸುತ್ತುತ್ತಾ, ಕಣ್ಣೆತ್ತದೆ ಹೇಳಿದ.

"ನೀನು ದೂರು ಕೊಟ್ಟಾಗ ನಾಲ್ಕು ದಿನ ರಜೆ ಆಯ್ತಲ್ಲ, ನಾನು ಶೆಡ್ಡಲ್ಲಿ ಕೂತಿರಲಿಲ್ಲ. ತಿರುವಿನ ಕಟ್ಟೆ ಮೇಲೆ ಕೂತು ನಿನ್ನ ಕೆಲಸ ನೋಡ್ತಿದ್ದೆ. ಒಂದಾದ್ರೂ ತಪ್ಪು ಹಿಡಿದು ನಾನೂ ಬರೆದು ಹಾಕಬೇಕು ಅಂತ ಹಟ."

"ಸಿಕ್ತಾ?"

"ಮೂರು ದಿನ ಸಿಗಲಿಲ್ಲ. ನಾಲ್ಕನೇ ದಿನ ಹುಡುಕೋದನ್ನೇ ಮರೆತುಬಿಟ್ಟೆ."

ಕೆಳಗೆಲ್ಲೋ ಕಾಂಕ್ರೀಟು ಕಲಸುವ ಯಂತ್ರ ಗುಡುಗುಟ್ಟುತ್ತಿತ್ತು. ಅವಳ ಕಿವಿ ಬಿಸಿಯಾಯಿತು. ಅದಕ್ಕೂ ಇವನ ಮೇಲೆಯೇ ಸಿಟ್ಟು ಬಂತು.

"ಈಗ ಎಲ್ಲಿಗೆ?"

"ಗುಡ್ಡದ ಆ ಬದಿಗೆ. ಆಸ್ಪತ್ರೆ ಕಟ್ತಿದ್ದಾರೆ. ಬಸ್ಸಲ್ಲಿ ಅರ್ಧ ಗಂಟೆ." ತಡೆದು, "ಅಲ್ಲಿ ಒಂದೇ ಕ್ರೇನು," ಎಂದ.

"ನೋಡು," ಎಂದಳು. "ನಿನ್ನ ಮೇಲೆ ನನಗಿರೋ ಸಿಟ್ಟು ಇನ್ನೂ ಇಳಿದಿಲ್ಲ. ಇಷ್ಟಾನೂ ಆಗಿದೀಯ. ಎರಡೂ ಒಟ್ಟಿಗೇ ಇರತ್ತೆ. ಒಂದು ಬೇಕು, ಇನ್ನೊಂದು ಬೇಡ ಅನ್ನಂಗಿಲ್ಲ. ಸಹಿಸ್ಕೋಬೇಕು."

ಅವನ ಕೈಯಿಂದ ಹಗ್ಗ ಜಾರಿತು. ಹಾಸಿಗೆಯ ಸುರುಳಿ ಮೆಟ್ಟಿಲ ಮೇಲೆ ಬಿಚ್ಚಿ ಹಾಸಿಕೊಂಡಿತು. ಇಬ್ಬರೂ ಅದನ್ನು ನೋಡಲಿಲ್ಲ.

"ಎಷ್ಟು ದಿನ ಸಹಿಸ್ಕೋಬೇಕು?"

"ಇಬ್ಬರಿಗೂ ಹಲ್ಲು ಉದುರೋವರೆಗೂ. ಭಾನುವಾರ ನಮ್ಮಮ್ಮನ ಮುಂದೆ ಬಂದು ಸಹಿಸ್ಕೋತೀನಿ ಅಂತ ಹೇಳು. ತಡವಾಗಿ ಬಂದ್ಯೋ, ಬಾಗಿಲು ತೆಗೆಯಲ್ಲ."

ಅಷ್ಟು ಹೇಳಿ ದಡದಡನೆ ಮೆಟ್ಟಿಲಿಳಿದಳು. ಭಾನುವಾರ ಬೆಳಗ್ಗೆ ಏಳಕ್ಕೇ ಬಾಗಿಲು ಬಡಿದ ಸದ್ದಾಯಿತು. ಅವಳು ಇನ್ನೂ ತಲೆ ಬಾಚಿಕೊಂಡಿರಲಿಲ್ಲ. "ಇಷ್ಟು ಬೇಗ ಯಾರು ಬಾ ಅಂದ್ರು ನಿನಗೆ?" ಎಂದು ಒಳಗಿನಿಂದಲೇ ಬೈಯುತ್ತಾ, ಬಾಚಣಿಗೆ ಎಸೆದು, ಅಮ್ಮನಿಗಿಂತ ಮೊದಲೇ ಓಡಿ ಬಾಗಿಲು ತೆರೆದಳು.