ಕಲ್ಲು ಕಚ್ಚುವ ಮೇಷ್ಟ್ರು

“ಏನು ಕಚ್ಚಿದ್ರಿ?”

“ಕಲ್ಲು.”

“ಊಟದಲ್ಲಿ ಸಿಕ್ತಾ?”

“ಇಲ್ಲ, ನಾನೇ ಗುಡ್ಡ ಹತ್ತಿ ಹೋಗಿ ಕಚ್ಚಿದ್ದು.”

ಹಲ್ಲಿನ ಡಾಕ್ಟರಮ್ಮ ಕೈಲಿದ್ದ ಪುಟ್ಟ ಕನ್ನಡಿ ಕೆಳಗಿಟ್ಟಳು. ಕುರ್ಚಿಯಲ್ಲಿ ಮಲಗಿದ್ದವನು ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಬಾಚಣಿಗೆ ಕಾಣದ ಕೂದಲು, ಜೇಬಿನ ತುಂಬ ಕಲ್ಲು.

“ಕೆರೆ ತಳದ ಮಣ್ಣು ಪದರಪದರವಾಗಿ ಒತ್ತಿ ಕಲ್ಲಾಗುತ್ತೆ,” ಎಂದ. “ಜೇಡಿಯೋ ಹೂಳೋ ಕಣ್ಣಿಗೆ ತಿಳಿಯಲ್ಲ. ಚೂರು ಕಚ್ಚಿದಾಗ ಬೆಣ್ಣೆ ಥರ ನುಣ್ಣಗಿದ್ರೆ ಜೇಡಿ, ಕರಕರ ಅಂದ್ರೆ ಹೂಳು. ಈ ಸಲ ಒಳಗೆ ಬೆಣಚುಕಲ್ಲಿತ್ತು. ಅದು ಹಲ್ಲಿಗಿಂತ ಗಟ್ಟಿ.”

“ಗೊತ್ತಿದ್ದೂ ಕಚ್ಚಿದ್ರಾ?”

“ಬೆಣಚು ಅಂತ ಗೊತ್ತಾಗಿದ್ದೇ ಹಲ್ಲು ಮುರಿದ ಮೇಲೆ.”

ಅವಳು ಮಾಸ್ಕಿನೊಳಗೆ ನಕ್ಕಳು. ಕಣ್ಣು ಚಾಡಿ ಹೇಳಿಬಿಟ್ಟಿತು.

ಹೊರಗೆ ಅಪಾಯಿಂಟ್‌ಮೆಂಟ್ ನೋಡಿಕೊಳ್ಳುತ್ತಿದ್ದ ಅವಳ ಸೋದರತ್ತೆಗೆ ಎಲ್ಲ ಕೇಳಿಸಿತ್ತು. “ಇಷ್ಟು ಓದಿಕೊಂಡು ಮಣ್ಣು ತಿನ್ನೋ ಕೆಲಸ ಮಾಡ್ತಾರಲ್ಲ,” ಎಂದರು.

ಆ ಹಲ್ಲಿಗಾಗಿ ಅವನು ಮತ್ತೆ ಮತ್ತೆ ಬರಬೇಕಾಯಿತು. ಬಂದಾಗಲೆಲ್ಲ ಒಂದು ಕಲ್ಲು ತಂದ. ಒಮ್ಮೆ ತಂದದ್ದು ಚಿನ್ನದಂತೆ ಹೊಳೆಯುತ್ತಿತ್ತು. ಒರಟು ಬಿಳಿ ಬಿಲ್ಲೆಯ ಮೇಲೆ ಉಜ್ಜಿದರೆ ಕಪ್ಪು ಗೆರೆ ಬಿತ್ತು.

“ಚಿನ್ನ ಆಗಿದ್ರೆ ಹಳದಿ ಗೆರೆ ಬೀಳ್ತಿತ್ತು. ಹೊಳಪು ನಂಬಬಾರದು. ಗೆರೆ ನೋಡ್ಬೇಕು.”

“ಇವಳಿಗೆ ಬಂದ ಸಂಬಂಧಗಳೆಲ್ಲ ಇಂಥವೇ,” ಎಂದರು ಬಾಗಿಲಲ್ಲಿದ್ದ ಅತ್ತೆ.

ಇನ್ನೊಮ್ಮೆ ಅಮೃತಶಿಲೆಯ ಚೂರನ್ನು ಅವಳ ಅಂಗೈಯಲ್ಲಿಟ್ಟ. “ಮೊದಲು ಬರೀ ಸುಣ್ಣದಕಲ್ಲು. ಭೂಮಿಯೊಳಗಿನ ಕಾವಿಗೆ, ಒತ್ತಡಕ್ಕೆ ಹೀಗಾಯ್ತು.”

“ಕರಗಿ?”

“ಕರಗಲ್ಲ. ಕರಗದೇನೇ ಒಳಗೊಳಗೇ ಬದಲಾಗುತ್ತೆ.”

ಅವನು ಬೆರಳು ತೆಗೆಯಲು ಮರೆತಿದ್ದ. ಅವಳೂ ನೆನಪಿಸಲಿಲ್ಲ.

ಕೊನೆಗೆ ಹಲ್ಲು ಸರಿಹೋಯಿತು. “ಇನ್ನು ಬರೋದು ಬೇಡ,” ಎಂದವಳಿಗೆ ಆ ದಿನವೆಲ್ಲ ಯಾರ ಹಲ್ಲು ನೋಡಲೂ ಮನಸ್ಸಿರಲಿಲ್ಲ. ಅತ್ತೆ ಅಷ್ಟರಲ್ಲಿ ಅವಳಿಗೊಂದು ಸಂಬಂಧ ಹುಡುಕಿದ್ದರು. ಅವನೂ ಹಲ್ಲಿನ ಡಾಕ್ಟರೇ.

ಭಾನುವಾರ ಆ ಡಾಕ್ಟರ್ ಬರುವುದಿತ್ತು. ಶನಿವಾರವೇ ಮೇಷ್ಟ್ರು ಬಂದ. ಕಾಯುವ ಕೋಣೆಯಲ್ಲಿ ಅತ್ತೆ ಸುದ್ದಿ ಹೇಳಿದ್ದರಿಂದ ಅವನ ಮುಖ ಸುಣ್ಣದಂತಾಗಿತ್ತು.

“ನೋವು,” ಎಂದು ಕುರ್ಚಿ ಏರಿದ.

ಅವಳು ಎರಡೂ ಕೆನ್ನೆಗೆ ಹತ್ತಿ ತುರುಕಿ ಹುಡುಕಿದಳು. ಎಲ್ಲಿಯೂ ಏನೂ ಇರಲಿಲ್ಲ. ಅಷ್ಟರಲ್ಲಿ ಅವನು ಏನೋ ಅಂದ. “ಆಂಊ ಇಂಅನ್ಅ…” ಬೇರೆಯವರಿಗಾದರೆ ಬರೀ ಗೊಣಗು. ದಿನವಿಡೀ ತುಂಬಿದ ಬಾಯಿಯ ಮಾತು ಕೇಳುವ ಅವಳಿಗೆ ಒಂದಕ್ಷರವೂ ತಪ್ಪಲಿಲ್ಲ. ಕೈ ನಿಂತಿತು.

“ಇನ್ನೊಂದ್ಸಲ ಹೇಳಿ,” ಎಂದು ಹತ್ತಿ ತೆಗೆದಳು.

ಬಾಯಿ ಖಾಲಿಯಾದದ್ದೇ ಅವನ ನಾಲಿಗೆ ಒಣಗಿತು. “ಅದು… ಈ ಹಲ್ಲು…”

“ಹಲ್ಲು ಚೆನ್ನಾಗಿದೆ. ಹತ್ತಿ ವಾಪಸ್ ಇಡ್ಲಾ?”

ಅವನು ತಲೆಯಾಡಿಸಿದ. ಅವಳು ಮೆತ್ತಗೆ ಇಟ್ಟಳು. ಈ ಸಲ ಅವನು ಉದ್ದಕ್ಕೆ, ತಡವರಿಸದೆ ಹೇಳಿದ.

ಅತ್ತೆ ಒಳಗೆ ಇಣುಕಿದರು. “ಏನಂತೆ? ತುಂಬ ನೋವಂತಾ?”

“ನನ್ನ ಮದುವೆ ಆಗ್ತಾರಂತೆ.”

“ನೀನೇನಂದೆ?”

“ಹೂಂ ಅಂದೆ.”

ಕುರ್ಚಿಯಲ್ಲಿದ್ದವನಿಗೂ ಅದು ಗೊತ್ತಾದದ್ದು ಆಗಲೇ. ಎದ್ದು ಕೂರಲು ಹೋಗಿ ಹಣೆಯನ್ನು ಮೇಲಿನ ದೀಪಕ್ಕೆ ಬಡಿದುಕೊಂಡ. ಅವಳು ಮಾಸ್ಕ್ ಇಳಿಸಿ, ಅವನ ಹಣೆ ಉಜ್ಜುತ್ತ, ಮೊದಲ ಬಾರಿ ಪೂರ್ತಿ ಮುಖದಿಂದ ನಕ್ಕಳು.