ಪದಬಂಧದ ಕೆಳಗಿನ ಹೆಸರು

ಸಂಘಮಿತ್ರ ರಚಿಸಿದ ಪದಬಂಧ ಚಿಂತಾಮಣಿಯ ವಾರಪತ್ರಿಕೆಯಲ್ಲಿ ಚೈತನ್ಯನ ಹೆಸರಿನಲ್ಲಿ ಅಚ್ಚಾಯಿತು.

ಮೊದಲು ಕಂಡದ್ದು ಅವಳ ತಾಯಿ ಅನಸೂಯಮ್ಮ. ಬೀದಿಯವರಿಗೆಲ್ಲ ಹಂಚಲು ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಒಂದು ಕಟ್ಟು ಪತ್ರಿಕೆ ತಂದಿದ್ದರು.

"ನಿನ್ನ ಹೆಸರು ಎಲ್ಲೈತಮ್ಮಾ?" ಎಂದು ಚೌಕಗಳ ಕೆಳಗೆ ಬೆರಳಾಡಿಸಿದರು.

ಸುಳಿವುಗಳೆಲ್ಲ ಅವಳವೇ. 'ಸಿಂಹಾಸನದಲ್ಲಿ ದೊರೆ, ಕಳೆದುಕೊಂಡವನಿಗೆ ಆಜ್ಞೆ.' ಅರಸು ಎಂದರೆ ರಾಜ, ಅರಸು ಎಂದರೆ ಹುಡುಕು. ತಾನು ಕೆಲಸ ಮಾಡುವ ಕೈವಾರದ ಲ್ಯಾಬಿನಲ್ಲಿ, ಊಟದ ಬಿಡುವಿನ ಹೊತ್ತಿಗೆ ಕಟ್ಟಿದ್ದು.

ಸಂಘಮಿತ್ರ ಕಟ್ಟಿನಿಂದ ಒಂದು ಪತ್ರಿಕೆ ಎಳೆದುಕೊಂಡಳು. ಸೀದಾ ಪತ್ರಿಕೆಯ ಕಚೇರಿಗೆ ನಡೆದಳು.

ಚೈತನ್ಯ ಅವಳಿಗೆ ಸಿಕ್ಕಿದ್ದೇ ಕೈವಾರದ ಬಸ್ಸಿನಲ್ಲಿ. 'ಪಕ್ಕದ ಮನೆಯವರು ನುಗ್ಗಿದರೆ ಊರೇ ಮುಳುಗುತ್ತದೆ' ಎಂಬ ಎರಡಕ್ಷರದ ಸುಳಿವಿಗೆ ಪೆನ್ನು ಕಚ್ಚಿಕೊಂಡು ಕೂತಿದ್ದ.

"ನೆರೆ," ಎಂದಿದ್ದಳು ಹಿಂದಿನ ಸೀಟಿನಿಂದ. "ನೆರೆಮನೆಯ ನೆರೆ, ಪ್ರವಾಹದ ನೆರೆ."

"ನಾನೇ ಹೇಳೋನಿದ್ದೆ ಕಣ್ರೀ."

"ಹಂಗಾದ್ರೆ ಪೆನ್ನು ಯಾಕೆ ತಿಂತಿದ್ರಿ?"

ಅಲ್ಲಿಂದ ಇಬ್ಬರೂ ಒಂದೇ ಪತ್ರಿಕೆಯ ಮೇಲೆ ಬಾಗಿ ಪದ ಬಿಡಿಸಿದರು. "ಮಾವನ ಪೇಪರಿಗೆ ಪುಟ ಜೋಡಿಸೋನು ನಾನೇ. ನೀನು ಬರಿ, ನಿನ್ನ ಹೆಸರಲ್ಲಿ ಹಾಕ್ತೀನಿ" ಎಂದವನು ಅವನೇ. ಮದುವೆಯ ಮಾತು ಎತ್ತಿದವನೂ ಅವನೇ.

ಕಚೇರಿಯಲ್ಲಿ ಕಂಪ್ಯೂಟರ್ ಮುಂದಿದ್ದ ಚೈತನ್ಯ ಅವಳನ್ನು ಕಂಡು ಎದ್ದ.

"ಯಾರು ಹಾಕಿದ್ದು ಈ ಹೆಸರು?"

"ಮಾವ ಹೇಳಿದ್ರು..."

"ಟೈಪ್ ಮಾಡಿದ್ದು ಯಾರ ಕೈ?"

"ನಂದೇ." ಅವನ ತಲೆ ತಗ್ಗಿತು. "ಅವರ ಮಾತು ಕೇಳಿದ್ರೆ ಮನೇಲಿ ನಮ್ಮ ಮದುವೆಗೆ ಒಪ್ಪಿಸ್ತಾರೆ ಅಂತ... ಸುಮ್ಮನಾದೆ."

ನನ್ನ ಹೆಸರನ್ನೇ ಮುಚ್ಚಿಟ್ಟು ನನ್ನನ್ನು ಮನೆ ತುಂಬಿಸಿಕೊಳ್ಳುತ್ತಾನಂತೆ... ಅವಳು ಪತ್ರಿಕೆಯನ್ನು ಅವನ ಮೇಜಿನ ಮೇಲೆ ಎಸೆದಳು.

ಒಳಕೋಣೆಯಿಂದ ಅವನ ಸೋದರಮಾವ, ಸಂಪಾದಕ ರಮೇಶ್‌ಬಾಬು ಬಂದರು.

"ನೋಡಮ್ಮಾ, ನಿನ್ನ ಈ ಹೆಸರು ಕಂಡ್ರೆ ಯಾವ ಕೇರಿಯವಳು ಅಂತ ಕೇಳ್ತಾರೆ ಜನ. ನಾಳೆ ಮದುವೆ ಆದ್ರೆ ಒಂದೇ ಮನೆ ತಾನೆ? ಯಾರ ಹೆಸರಿದ್ರೇನು?"

"ಹಂಗಾದ್ರೆ ಸಂಪಾದಕರು ಅಂತ ನಿಮ್ಮ ಹೆಂಡತಿ ಹೆಸರು ಹಾಕಿ ಸಾರ್. ಒಂದೇ ಮನೆ ತಾನೆ?"

ರಮೇಶ್‌ಬಾಬು ಕನ್ನಡಕ ತೆಗೆದು ಒರೆಸತೊಡಗಿದರು.

ಅವಳು ಹೊರಟಳು.

"ನಿಲ್ಲು ಮಿತ್ರಾ. ನಿನ್ನ ಪ್ರೀತಿಸ್ತೀನಿ ಕಣೇ."

"ಬಸ್ಸಲ್ಲಿ ದಿನಾ ಹೇಳ್ತಿದ್ದೆ. ಇಲ್ಲಿ, ಇವರ ಮುಂದೆ, ನನ್ನ ಹೆಸರು ಹೇಳೋಕಾಗಲಿಲ್ಲ ನಿನ್ನ ಕೈಲಿ."

ಚೈತನ್ಯ ಕೂತ. ಬರುವ ವಾರದ ಪುಟ ತೆರೆದು, ಪದಬಂಧದ ಉತ್ತರಗಳ ಕೆಳಗೆ ಒಂದೊಂದೇ ಅಕ್ಷರವಾಗಿ ಟೈಪ್ ಮಾಡಿದ, ಗಟ್ಟಿಯಾಗಿ ಓದುತ್ತ.

"ಕಳೆದ ವಾರದ ಪದಬಂಧ ರಚಿಸಿದವರು ಸಂಘಮಿತ್ರ. ಆ ಹೆಸರು ತೆಗೆದು ನನ್ನ ಹೆಸರು ಹಾಕಿದವನು ನಾನು, ಚೈತನ್ಯ."

ಬಾಗಿಲು ದಾಟಿದ್ದವಳು ತಿರುಗಿ ಬಂದಳು. ಕುರ್ಚಿ ಎಳೆದು, ಅವನಿಂದ ತುಸು ದೂರದಲ್ಲಿ ಕೂತಳು.

"ಇನ್ನೊಂಚೂರು ಹತ್ತಿರ ಎಳ್ಕೋಬಹುದಲ್ಲ..."

"ಅಚ್ಚಾಗಲಿ. ಎಳ್ಕೋತೀನಿ."

ರಮೇಶ್‌ಬಾಬು ಕನ್ನಡಕ ಏರಿಸಿ ಪರದೆಗೆ ಬಾಗಿದರು. "ಏಮ್ರಾ, ತಲೆ ಕೆಟ್ಟಿದೆಯಾ? ಅಳಿಸು ಅದನ್ನ."

ಚೈತನ್ಯ ಕೀಲಿಮಣೆಯಿಂದ ಕೈ ತೆಗೆದು ಎದೆಗೆ ಕಟ್ಟಿಕೊಂಡ.

"ಅಳಿಸಲ್ಲ ಮಾವ."